ಕುತ್ತಿಗೆಯ ಗೀರು

ನಾನು ಒಂದು ಗುಂಡುತಳದ ಗಾಜಿನ ಫ್ಲಾಸ್ಕು. ಅರ್ಧ ಲೀಟರ್ ಹಿಡಿಯುವ ಹೊಟ್ಟೆ, ಗೇಣುದ್ದವೂ ಇಲ್ಲದ ಕುತ್ತಿಗೆ, ಇಷ್ಟೇ ನನ್ನ ಶರೀರ. ನೆಟ್ಟಗೆ ನಿಲ್ಲಲು ನನಗೆ ಬರುವುದಿಲ್ಲ. ಮೇಜಿನ ಮೇಲೆ ಹಾಗೇ ಬಿಟ್ಟರೆ ಉರುಳಿ ಬೀಳುತ್ತೇನೆ, ಕೂರಲು ರಬ್ಬರಿನ ಸಿಂಬಿಯೊಂದು ಬೇಕೇ ಬೇಕು. ಹೀಗೆ ಇನ್ನೊಬ್ಬರ ಆಸರೆಯಲ್ಲಿ ಕೂತವನು ಒಂದು ಮನೆಯ ದೀಪ ಆರುವುದಕ್ಕೆ ಕಾರಣನಾದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಹುಟ್ಟಿದ್ದು ಉತ್ತರದ ಕಡೆಯ ಒಂದು ಗಾಜಿನ ಕಾರ್ಖಾನೆಯಲ್ಲಿ. ಕೆಂಪಗೆ ಕರಗಿದ್ದ ನನ್ನನ್ನು ಒಬ್ಬ ಕೆಲಸಗಾರ ಕೊಳವೆಯ ತುದಿಗೆ ಎತ್ತಿಕೊಂಡು ಊದಿದ. ಅವನ ಗಲ್ಲ ಉಬ್ಬಿತು, ನನ್ನ ಹೊಟ್ಟೆಯೂ ಉಬ್ಬಿತು. ನನ್ನೊಳಗೆ ಮೊಟ್ಟಮೊದಲು ತುಂಬಿದ್ದು ಮನುಷ್ಯನ ಉಸಿರು. ತಣ್ಣಗಾದ ಮೇಲೆ ಅವನು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಒಂದು ಗುಳ್ಳೆ ಇಲ್ಲ, ಒಂದು ಗೆರೆ ಇಲ್ಲ. ತೃಪ್ತಿಯಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಟ್ಟ. ಆಗ ನನಗೆ ಸ್ವಲ್ಪ ಜಂಬ ಬಂದದ್ದು ನಿಜ. ನನ್ನಲ್ಲಿ ಮುಚ್ಚಿಡುವುದು ಏನೂ ಇಲ್ಲ, ಹೊಟ್ಟೆಯೊಳಗಿನದೆಲ್ಲ ಹೊರಗೆ ಕಾಣುವ ಜನ್ಮ ನನ್ನದು ಎಂದು ಬೀಗುತ್ತಿದ್ದೆ.

ಅಲ್ಲಿಂದ ಗದಗಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಬಂದೆ. ಕಾಲೇಜಿನ ಹೆಸರು ಬೇಡ. ಅಲ್ಲಿ ಗಿಡಗಳ ಸಾರ ತೆಗೆಯುವ ಕೆಲಸ. ಎಲೆಯನ್ನೋ ಬೇರನ್ನೋ ಒಣಗಿಸಿ ಪುಡಿ ಮಾಡುತ್ತಾರೆ, ಸ್ಪಿರಿಟ್ಟಿನಂಥ ದ್ರವ ನನ್ನೊಳಗೆ ಹಾಕಿ ಕುದಿಸುತ್ತಾರೆ, ಅದರ ಹಬೆ ಮೇಲೇರಿ ತಂಪಾಗಿ ಪುಡಿಯ ಮೇಲೆ ಹನಿದು, ಸಾರವನ್ನು ಎಳೆದುಕೊಂಡು ಮತ್ತೆ ನನ್ನ ಹೊಟ್ಟೆಗೆ ಇಳಿಯುತ್ತದೆ. ಕೊನೆಗೆ ದ್ರವವನ್ನೆಲ್ಲ ಆವಿಯಾಗಿಸಿದರೆ ತಳದಲ್ಲಿ ಹಸಿರು ಅಂಟು ಉಳಿಯುತ್ತದೆ. ಅದನ್ನು ಕೆರೆದು ತೆಗೆದು ಸಣ್ಣ ಶೀಶೆಯಲ್ಲಿ ಇಡುತ್ತಾರೆ. ನಿಮ್ಮ ಮನೆಯ ಕಷಾಯಕ್ಕೂ ಇದಕ್ಕೂ ಬಹಳ ಅಂತರವಿಲ್ಲ, ಇಲ್ಲಿ ಎಲ್ಲವನ್ನೂ ಬರೆದಿಡುತ್ತಾರೆ ಅಷ್ಟೆ.

ನನ್ನನ್ನು ಮೊದಲು ಕೈಗೆ ತೆಗೆದುಕೊಂಡವನು ತೌಸೀಫ್ ಎಂಬ ಸಂಶೋಧಕ. ಅವನ ಗಿಡ ನಿತ್ಯಪುಷ್ಪ. ಗುಲಾಬಿ ಬಣ್ಣದ ಐದೆಸಳಿನ ಹೂ, ಎಲ್ಲರ ಮನೆಯ ಮುಂದೆಯೂ ಇರುತ್ತದೆ, ದನ ಕೂಡ ಬಾಯಿ ಹಾಕುವುದಿಲ್ಲ. ಆ ಬಡ ಗಿಡದಿಂದ ರಕ್ತದ ಕ್ಯಾನ್ಸರಿಗೆ ಔಷಧ ಬಂದಿದೆ ಎಂಬುದು ನಾನು ಅವನಿಂದ ಕಲಿತ ಮಾತು. ಆ ಔಷಧದ ಕಣ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಜೀವಕೋಶ ಕೊಲ್ಲುತ್ತದಂತೆ. ಮೂರು ವರ್ಷ ಅವನು ನನ್ನೊಳಗೆ ನಿತ್ಯಪುಷ್ಪವನ್ನೇ ಕುದಿಸಿದ. ಕುದಿಯುವಾಗ ಅದು ಮೇಲಕ್ಕೆ ಸಿಡಿದು ನನ್ನ ಕುತ್ತಿಗೆಯ ಒಳಬದಿಗೆ ಹತ್ತುತ್ತಿತ್ತು. ಅವನಿಗೆ ಡಾಕ್ಟರೇಟ್ ಬಂತು, ಪೇಡಾ ಹಂಚಿ ಹೋದ. ನನ್ನ ಕುತ್ತಿಗೆಯಲ್ಲಿ ಕಂದು ಬಣ್ಣದ ಒಂದು ಬಳೆ ಉಳಿಯಿತು.

ಆ ಬಳೆಯನ್ನು ತೆಗೆದವನು ಫಕೀರಪ್ಪ. ವಿಭಾಗದ ಅಟೆಂಡರ್, ತಲೆಯ ಮೇಲೆ ಸದಾ ಬಿಳಿ ಟೋಪಿ. ಗಾಜಿನ ಸಾಮಾನೆಲ್ಲ ತೊಳೆಯುವುದು ಅವನ ಕೆಲಸ. ಹೇಗೆ ತೊಳೆಯಬೇಕೆಂದು ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಹಚ್ಚಿದ್ದರು. ಆ್ಯಸಿಡ್ಡಿನಲ್ಲಿ ನೆನೆಹಾಕಬೇಕು, ಆಮೇಲೆ ಇದರಿಂದ ಮೂರು ಸಲ, ಅದರಿಂದ ಮೂರು ಸಲ. ಒಂದು ಸಲ ಆ ಆ್ಯಸಿಡ್ ಅವನ ಮುಂಗೈ ಸುಟ್ಟಿತು. ಅಂದಿನಿಂದ ಅವನು ಅದರ ಗೋಜಿಗೆ ಹೋಗಲಿಲ್ಲ. ಅವನ ತಾಯಿ ಹಿತ್ತಾಳೆಯ ಕೊಡ ಬೆಳಗುತ್ತಿದ್ದಳಲ್ಲ, ಇಟ್ಟಂಗಿಯ ಪುಡಿ ಮತ್ತು ತೆಂಗಿನ ನಾರು, ಅದನ್ನೇ ತಂದ.

"ಬಾರಪಾ ತಳ ಇಲ್ಲದ ಗಡಗಿ, ನಿನ್ನ ಜಳಕಾ ಆಗಲಿ," ಎಂದು ನನ್ನನ್ನು ನೀರಿಗೆ ಇಳಿಸುತ್ತಿದ್ದ. ಪಾತ್ರೆಗಳ ಜೊತೆ ಮಾತಾಡುವುದು ಅವನ ಸ್ವಭಾವ. ಅವನಿಗೆ ಅದು ಬೇಸರ ಕಳೆಯುವ ದಾರಿ, ನನಗೆ ಹೊರಗಿನ ಜಗತ್ತಿನ ಸುದ್ದಿ.

ತಿಕ್ಕಿ ತಿಕ್ಕಿ ಅವನು ನನ್ನನ್ನು ಕನ್ನಡಿ ಮಾಡಿದ. ಕಂದು ಬಳೆ ಹೋಯಿತು. ಪರಿಶೀಲನೆಗೆ ಬಂದ ದೊಡ್ಡ ಮನುಷ್ಯರು, ಇಷ್ಟು ಸ್ವಚ್ಛ ಲ್ಯಾಬ್ ನೋಡಿಲ್ಲ ಎಂದು ಅವನ ಬೆನ್ನು ತಟ್ಟಿ ಹೋದರು. ನಾನೂ ಉಬ್ಬಿದೆ. ಆದರೆ ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಇಟ್ಟಂಗಿಯ ಪುಡಿ ನನ್ನ ಕುತ್ತಿಗೆಯ ಒಳಗೆ ಕೂದಲೆಳೆಯಂಥ ಗೀರುಗಳನ್ನು ಎಳೆದಿತ್ತು. ಅದರಲ್ಲೊಂದು ಆಳವಾಗಿತ್ತು. ತೌಸೀಫನ ನಿತ್ಯಪುಷ್ಪ ಆ ಗೀರಿನ ತಳದಲ್ಲಿ ಅಡಗಿ ಕೂತಿತು. ನನಗೆ ಅದು ಗೊತ್ತಿತ್ತು. ಮೈಯೊಳಗೆ ಮುಳ್ಳು ಮುರಿದಿದ್ದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ?

ತೌಸೀಫ್ ಹೋದ ಮೇಲೆ ಮಂದಾಕಿನಿ ಬಂದಳು. ಅಸುಂಡಿಯ ಕಡೆಯ ಹುಡುಗಿ, ಚುರುಕು, ಊಟದ ಡಬ್ಬಿ ಬಿಚ್ಚಲು ಮರೆಯುವಷ್ಟು ಕೆಲಸದ ಹುಚ್ಚು. ಅವಳ ಗುರು ಹೊಂಬಳ ಸರ್. ಹೆಣ್ಣುಮಕ್ಕಳ ಅಂಡಾಶಯದ ಕ್ಯಾನ್ಸರಿಗೆ ನಮ್ಮ ಸುತ್ತಲಿನ ಗಿಡಗಳಲ್ಲಿ ಏನಾದರೂ ಇದೆಯೇ ಎಂದು ಹುಡುಕುವುದು ಅವಳ ವಿಷಯ. ಈ ಕಾಯಿಲೆ ಸದ್ದಿಲ್ಲದೆ ಬರುತ್ತದಂತೆ. ಹೊಟ್ಟೆ ಉಬ್ಬರ ಅನ್ನಿಸುತ್ತದೆ, ಗ್ಯಾಸು ಅನ್ನಿಸುತ್ತದೆ, ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಹರಡಿರುತ್ತದೆ. ಮಂದಾಕಿನಿ ಹದಿನೇಳು ಗಿಡಗಳನ್ನು ತಂದಳು. ಒಂದೊಂದರ ಸಾರವನ್ನೂ ಒಳಗಿನ ಕೋಣೆಯಲ್ಲಿ ಸಣ್ಣ ತಟ್ಟೆಗಳಲ್ಲಿ ಬೆಳೆಸುತ್ತಿದ್ದ ಕ್ಯಾನ್ಸರ್ ಕೋಶಗಳಿಗೆ ಹಾಕಿದಳು. ಒಂದೂ ಸಾಯಲಿಲ್ಲ. ಆಗೆಲ್ಲ ಅವಳು ಬೇರೆ ಫ್ಲಾಸ್ಕುಗಳನ್ನು ಬಳಸುತ್ತಿದ್ದಳು.

ಹದಿನೆಂಟನೆಯದು ಒಂದು ಬೇಲಿಯ ಬಳ್ಳಿ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಕಿತ್ತು ಅರೆದು ಕುಡಿದಾರು. ಪಾಪ, ಅದರದೇನೂ ತಪ್ಪಿಲ್ಲ. ಆ ದಿನ ಅವಳ ಕೈಯಿಂದ ಒಂದು ಫ್ಲಾಸ್ಕು ಜಾರಿ ಒಡೆಯಿತು. ಅದರ ಬದಲಿಗೆ ಕಪಾಟಿನಿಂದ ನನ್ನನ್ನು ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು. ಥಳಥಳ ಹೊಳೆಯುತ್ತಿದ್ದೆ.

ಬಿಸಿ ಹಬೆ ನನ್ನ ಕುತ್ತಿಗೆಗೆ ಏರಿದಾಗ ಗೀರಿನೊಳಗಿನ ಹಳೆಯ ಕಣ ಕರಗಿ ಹನಿಯಾಗಿ ಕೆಳಗಿಳಿಯಿತು. ಬಳ್ಳಿಯ ಸಾರದಲ್ಲಿ ಬೆರೆಯಿತು. ನಾನು ನೋಡುತ್ತಲೇ ಇದ್ದೆ. ಕೂಗಲು ನನಗೆ ಬಾಯಿ ಇದೆ, ಸ್ವರ ಇಲ್ಲ.

ಮೂರನೆಯ ದಿನ ಮಂದಾಕಿನಿ ಒಳಗಿನ ಕೋಣೆಯಿಂದ ಓಡಿ ಬಂದಳು. ಒಳಗೆ ಕೈ ತೋರಿಸಿದಳು. ಹೊಂಬಳ ಸರ್ ತಾವೇ ಎದ್ದು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ನೂರರಲ್ಲಿ ಎಂಬತ್ತು ಕೋಶ ಸತ್ತಿದ್ದವು. ಮತ್ತೆ ಮಾಡಿದರು, ಮತ್ತೆ ಸತ್ತವು. ಮೂರು ಸಲವೂ ನನ್ನಲ್ಲೇ ಮಾಡಿದರು. ಅದೃಷ್ಟದ ಫ್ಲಾಸ್ಕ್ ಎಂದು ಮಂದಾಕಿನಿ ನನ್ನ ಕುತ್ತಿಗೆಗೆ ಕೆಂಪು ದಾರ ಕಟ್ಟಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಇಂಥ ಕೆಲಸದಲ್ಲಿ ಗಿಡ ಹಾಕುವ ಮೊದಲು ಖಾಲಿ ಫ್ಲಾಸ್ಕಿನಲ್ಲಿ ಬರೀ ದ್ರವವನ್ನೇ ಒಮ್ಮೆ ಕುದಿಸಿ, ಅದನ್ನು ಕೋಶಗಳಿಗೆ ಹಾಕಿ ನೋಡಬೇಕು. ಖಾಲಿಯೂ ಕೊಂದರೆ ಫ್ಲಾಸ್ಕಿನಲ್ಲೇ ದೋಷ. ಮಂದಾಕಿನಿ ಬಾಟಲಿಯಿಂದ ನೇರವಾಗಿ ತೆಗೆದ ದ್ರವವನ್ನು ಹಾಕಿ ನೋಡಿದ್ದಳು, ನನ್ನ ಮೂಲಕ ಹಾಯಿಸಿರಲಿಲ್ಲ. ಅಷ್ಟು ಹೊಳೆಯುವ ನನ್ನ ಮೇಲೆ ಯಾರಿಗೆ ಸಂಶಯ ಬರಬೇಕು?

ಪತ್ರಿಕೆಯವರು ಬಂದರು. ಹೊಂಬಳ ಸರ್, "ಇದು ಲ್ಯಾಬಿನ ಮಾತು, ಮನುಷ್ಯರ ತನಕ ಹೋಗಾಕ ಇನ್ನೂ ಹತ್ತು ವರ್ಷ ಬೇಕು," ಎಂದು ಎರಡು ಸಲ ಹೇಳಿದರು. ಮರುದಿನ ಅಚ್ಚಾದದ್ದು, 'ಬೇಲಿಯ ಬಳ್ಳಿಯಲ್ಲಿ ಹೆಣ್ಣುಮಕ್ಕಳ ಕ್ಯಾನ್ಸರಿಗೆ ಮದ್ದು' ಎಂದು. ಹತ್ತು ವರ್ಷದ ಮಾತು ಕೊನೆಯ ಸಾಲಿನಲ್ಲಿತ್ತು. ಮಂದಾಕಿನಿ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸುವಾಗ ಕೊನೆಯ ಸಾಲು ಕತ್ತರಿಯ ಆಚೆಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ಜಾಗ ಇರಲಿಲ್ಲ. ಆ ಬಾಗಿಲು ಫಕೀರಪ್ಪ ಪಾತ್ರೆ ತೊಳೆಯುವ ತೊಟ್ಟಿಯ ಎದುರಿಗೇ ಇತ್ತು.

ಅವನು ನನ್ನನ್ನು ಕೈಯಲ್ಲಿ ಹಿಡಿದು ತೊಳೆಯದೆ ಅದನ್ನು ಓದಿದ. ಮತ್ತೊಮ್ಮೆ ಓದಿದ. ಅವನ ಹೆಂಡತಿ ನಿಂಬೆವ್ವನಿಗೆ ಹೊಟ್ಟೆಯ ಆಪರೇಷನ್ ಆಗಿದೆ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂಥದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. 'ಗಡ್ಡಿ ತಗದಾರ' ಎಂದಷ್ಟೇ ಹೇಳಿದ್ದ. ಆ ರೋಗದ ಹೆಸರನ್ನು ಅವರ ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಮಾತ್ರ ಹೇಳಿದ್ದ, ತೊಳೆಯುತ್ತ ತೊಳೆಯುತ್ತ. ಅಂಡಾಶಯದ ಕ್ಯಾನ್ಸರು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿದೆ, ಆರು ಸಲ ಕೀಮೋ ಕೊಡಬೇಕು ಅಂದಿದ್ದಾರೆ, ಮೂರು ಆಗಿದೆ. ನಿಂಬೆವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಕೀಮೋ ಶುರುವಾದ ಮೇಲೆ ಕೂದಲು ಹೋಯಿತು, ವಾಂತಿ ಹಿಡಿಯಿತು, ಎಲ್ಲಕ್ಕಿಂತ ಹೆಚ್ಚಾಗಿ ಬೆರಳುಗಳು ಜೋಮು ಹಿಡಿದವು. ಹಂಚಿನ ಬಿಸಿ ಬೆರಳಿಗೆ ತಿಳಿಯದೆ ಸುಟ್ಟುಕೊಂಡಳು. "ರೊಟ್ಟಿ ಬಡಿಯಾಕ ಬರದ ಕೈ ಇದ್ದರೇನು, ಇರದಿದ್ದರೇನು ಅಂತಾಳಪಾ," ಎಂದು ಅವನು ನನಗೆ ಹೇಳಿದ್ದ. ನಾಲ್ಕನೆಯದಕ್ಕೆ ಬರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಅವನು ದಿನಾ ಸಮಾಧಾನ ಮಾಡಿ ಒಪ್ಪಿಸುತ್ತಿದ್ದ.

ಅಂದು ಮಧ್ಯಾಹ್ನ ಅವನು ಮಂದಾಕಿನಿಯ ಮೇಜಿನ ಹತ್ತಿರ ನಿಂತ.

"ಮೇಡಂ, ಒಂದ್ ಮಾತ ಕೇಳ್ಲೇನ್ರಿ? ಇವು ಸತ್ತಾವಲ್ರೀ, ಹೆಣ್ಮಕ್ಕಳ ಹೊಟ್ಟ್ಯಾಗ ಆಗತೈತಲ್ಲ, ಅದರವ ಏನ್ರಿ?"

"ಹೌದು ಕಾಕಾ, ಅದರವ."

"ಖರೇನ ಸತ್ತಾವ್ರಿ?"

"ಖರೇನ. ಬರ್ರಿ, ನೀವ ನೋಡ್ರಿ."

ಅವನು ಟೋಪಿ ತೆಗೆದು ಬಗಲಲ್ಲಿ ಇಟ್ಟುಕೊಂಡು ಸೂಕ್ಷ್ಮದರ್ಶಕಕ್ಕೆ ಬಾಗಿದ. ಬಹಳ ಹೊತ್ತು ನೋಡಿದ. ಗುಡಿಯಲ್ಲಿ ಕೂಡ ಅವನು ಅಷ್ಟು ಹೊತ್ತು ಬಾಗಿದ್ದಿರಲಿಕ್ಕಿಲ್ಲ. ಮಂದಾಕಿನಿಗೆ ಖುಷಿಯಾಯಿತು, ತನ್ನ ಕೆಲಸವನ್ನು ಫಕೀರಪ್ಪ ಕಾಕಾ ಕೂಡ ಇಷ್ಟು ಆಸಕ್ತಿಯಿಂದ ಕೇಳುತ್ತಾರಲ್ಲ ಎಂದು. ಯಾಕೆ ಕೇಳುತ್ತೀರಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮರುದಿನದಿಂದ ಅದು ಶುರುವಾಯಿತು. ಮಂದಾಕಿನಿ ನನ್ನ ತಳದ ಅಂಟನ್ನು ಕೆರೆದುಕೊಂಡು ಹೋದ ಮೇಲೂ ಒಂದಿಷ್ಟು ಉಳಿಯುತ್ತಿತ್ತು. ಮೊದಲು ಅದು ತೊಟ್ಟಿಗೆ ಹೋಗುತ್ತಿತ್ತು. ಈಗ ಫಕೀರಪ್ಪ ಅದಕ್ಕೆ ಬಿಸಿನೀರು ಹಾಕಿ, ನನ್ನನ್ನು ಮೆಲ್ಲಗೆ ತಿರುಗಿಸಿ, ಕೆಮ್ಮಿನ ಔಷಧದ ಖಾಲಿ ಬಾಟಲಿಗೆ ಬಗ್ಗಿಸಿಕೊಂಡ. "ಗಟಾರಕ್ಕ ಹೋಗೂದನ್ನ ಒಂದು ಜೀವಕ್ಕ ಕೊಟ್ಟರ ಪಾಪ ಅಲ್ಲಪಾ," ಎಂದು ನನಗೆ ಹೇಳಿದ. ಬಾಟಲಿಯನ್ನು ಟೋಪಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಆ ಕಡ್ಡಿ ನಾನು ಕೊಟ್ಟದ್ದು.

ಯಾರಿಗೂ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಕದ್ದದ್ದೆಂಬ ಅಂಜಿಕೆ ಅರ್ಧ. ಇನ್ನರ್ಧ ಅವರ ಹಿರಿಯರ ನಂಬಿಕೆ. ಗಿಡಮೂಲಿಕೆಯ ಮದ್ದನ್ನು ಹೇಳಿ ತೆಗೆದುಕೊಂಡರೆ ಅದರ ಗುಣ ಹೋಗುತ್ತದಂತೆ. ಯಾವ ಬೇರು, ಯಾರು ಕೊಟ್ಟರು ಎಂದು ಬಾಯಿಬಿಡಬಾರದು, ಕೊಟ್ಟವರಿಗೆ ಧನ್ಯವಾದವನ್ನೂ ಹೇಳಬಾರದು. ಅವನ ಅಜ್ಜಿ ಕಾಮಾಲೆಗೆ ಮದ್ದು ಕೊಡುವಾಗ ಹಿತ್ತಿಲ ಬಾಗಿಲಿಂದ ಕರೆದು, ಮಾತಿಲ್ಲದೆ ಕೊಟ್ಟು, ಮಾತಿಲ್ಲದೆ ಕಳಿಸುತ್ತಿದ್ದಳಂತೆ. ಹಾಗಾಗಿ ಫಕೀರಪ್ಪ ಮಂದಾಕಿನಿಗೆ ಹೇಳಲಿಲ್ಲ, ನಿಂಬೆವ್ವ ಹುಬ್ಬಳ್ಳಿಯ ಡಾಕ್ಟರಿಗೆ ಹೇಳಲಿಲ್ಲ. ಡಾಕ್ಟರಿಗೆ ಹೇಳುವ ಪ್ರಸಂಗವೇ ಬರಲಿಲ್ಲ. ದಸರೆಯ ಹೊತ್ತಿಗೆ ನಾಲ್ಕನೆಯ ಕೀಮೋದ ತಾರೀಖು ಬಂತು. ಅವರು ಹೋಗಲಿಲ್ಲ.

"ಆ ಕೆಮಿಕಲ್ ಸಾಕು ಅಂದೆ," ಎಂದು ಫಕೀರಪ್ಪ ನನ್ನ ಮೈ ತೊಳೆಯುತ್ತ ಹೇಳಿದ. "ಮನಿಯಾಗ ಗಿಡದ್ದು ಇರಬೇಕಾದ್ರ ಆ ವಿಷ ಯಾಕಂದೆ. ಎಷ್ಟ ದಿನದ ಮ್ಯಾಲ ನಕ್ಕಳು ಗೊತ್ತೇನು?"

ನಾನು ಒಡೆದುಹೋಗಬೇಕಿತ್ತು. ಅವನ ಕೈಯಿಂದ ಜಾರಿ ತೊಟ್ಟಿಯ ಕಲ್ಲಿಗೆ ಬಿದ್ದು ಚೂರಾಗಿದ್ದರೆ ಆ ಬಾಟಲಿ ಅಂದೇ ನಿಲ್ಲುತ್ತಿತ್ತು. ಉರುಳುವುದು ನನ್ನ ಹುಟ್ಟುಗುಣ, ಸಾವಿರ ಸಲ ಉರುಳಿದ್ದೇನೆ. ಬೇಕಾದ ದಿನ ಉರುಳಲಿಲ್ಲ. ಫಕೀರಪ್ಪ ನನ್ನನ್ನು ಹಸುಗೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ.

ಮೂರು ತಿಂಗಳು ಒಳ್ಳೆಯ ಸುದ್ದಿಯೇ ಬಂತು. ನಿಂಬೆವ್ವನಿಗೆ ವಾಂತಿ ನಿಂತಿತು. ಊಟ ಸೇರಿತು. ತಲೆಯ ಮೇಲೆ ಕೂದಲು ಬಂತು. ದೀಪಾವಳಿಗೆ ತಂಗಿಯ ಮನೆಗೆ ಹೋಗಿ ಬಂದಳು. ಬೆರಳಿನ ಜೋಮು ಇಳಿದು ಮತ್ತೆ ರೊಟ್ಟಿ ಬಡಿದಳು. ಒಂದು ದಿನ ಫಕೀರಪ್ಪ ಅವಳು ಬಡಿದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಂದು ಮಂದಾಕಿನಿಗೆ ಕೊಟ್ಟ. ಅವಳು ಎರಡು ರೊಟ್ಟಿ ತಿಂದು, "ಕಾಕಾ, ಇದೇನು ವಿಶೇಷ?" ಎಂದಳು. "ಏನಿಲ್ರಿ, ಮನಿಯಾಕಿ ಆರಾಮ ಆಗ್ಯಾಳ," ಎಂದ. ಧನ್ಯವಾದ ಹೇಳಬಾರದಲ್ಲ, ರೊಟ್ಟಿಯಲ್ಲಿ ಹೇಳಿದ್ದ. ಅವಳಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಕೀಮೋ ನಿಂತದ್ದಕ್ಕೆ ವಾಂತಿ ನಿಂತಿದೆ, ಕೂದಲು ಬಂದಿದೆ ಎಂದು ಯಾರಾದರೂ ಅವನಿಗೆ ಹೇಳಿದ್ದರೆ.

ಸಂಕ್ರಾಂತಿಗೆ ಒಂದು ವಾರ ಇರುವಾಗ ಹೊಂಬಳ ಸರ್ ಒಂದು ಪತ್ರ ಹಿಡಿದು ಬಂದರು. ಬೇರೆ ಊರಿನ ಲ್ಯಾಬಿನವರು ಅದೇ ಬಳ್ಳಿಯನ್ನು ತರಿಸಿ ಅದೇ ರೀತಿ ಮಾಡಿ ನೋಡಿದ್ದರು. ಒಂದು ಕೋಶವೂ ಸತ್ತಿರಲಿಲ್ಲ. ಮಂದಾಕಿನಿ ಮೊದಲು ಸಿಟ್ಟಾದಳು, ಅವರು ಎಲೆ ಸರಿಯಾಗಿ ಒಣಗಿಸಿಲ್ಲ ಎಂದಳು. ಆಮೇಲೆ ಹೊಸ ಫ್ಲಾಸ್ಕಿನಲ್ಲಿ ತಾನೇ ಮಾಡಿದಳು. ಸಾಯಲಿಲ್ಲ. ನನ್ನಲ್ಲಿ ಮಾಡಿದಳು. ಸತ್ತವು. ಕೊನೆಗೆ, ಒಂದು ಎಲೆಯನ್ನೂ ಹಾಕದೆ, ಬರೀ ದ್ರವವನ್ನು ನನ್ನೊಳಗೆ ಕುದಿಸಿದಳು. ಆ ದ್ರವವನ್ನು ಆವಿಯಾಗಿಸಿ, ಉಳಿದದ್ದನ್ನು ಕೋಶಗಳಿಗೆ ಹಾಕಿದಳು.

ಖಾಲಿ ಫ್ಲಾಸ್ಕು ನೂರಕ್ಕೆ ಎಪ್ಪತ್ತನ್ನು ಕೊಂದಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಂದಾಕಿನಿ ನನ್ನ ಕುತ್ತಿಗೆಯ ಕೆಂಪು ದಾರ ಕತ್ತರಿಸಿದಳು. ಬಾಗಿಲ ಮೇಲಿನ ಪತ್ರಿಕೆಯ ತುಣುಕನ್ನು ಕಿತ್ತಳು. ಎರಡು ವರ್ಷದ ಕೆಲಸ ನೀರು ಪಾಲಾಗಿತ್ತು. ಆ ಹೊತ್ತಿಗೆ ತನ್ನ ನಷ್ಟಕ್ಕಿಂತ ದೊಡ್ಡ ನಷ್ಟ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಫಕೀರಪ್ಪ ಬಕೆಟ್ ಹಿಡಿದು ಒಳಗೆ ಬಂದ. ಅವಳು ತಲೆ ಎತ್ತದೆ ಹೇಳಿದಳು:

"ಕಾಕಾ, ಇದನ್ನ ಕಸಕ್ಕ ಹಾಕ್ರಿ. ಆ ಬಳ್ಳ್ಯಾಗ ಏನೂ ಇಲ್ಲ."

"ಏನೂ ಇಲ್ಲಂದ್ರ?"

"ಏನೂ ಇರಲೇ ಇಲ್ಲ. ಈ ಫ್ಲಾಸ್ಕಿನಾಗ ತೌಸೀಫಂದು ಹಳೀದು ಏನೋ ಉಳದಿತ್ತು, ಅದು ಕೊಂದೈತಿ. ನಮ್ಮ ಗಿಡ ಬರೇ ಸೊಪ್ಪು."

ಫಕೀರಪ್ಪ ಬಕೆಟ್ ಕೆಳಗಿಟ್ಟ. ನೆಲದ ಮೇಲೆ ಕೂತ. ಅವನು ಲ್ಯಾಬಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎಲ್ಲವನ್ನೂ ಹೇಳಿದ. ಬಾಟಲಿ, ಬಿಸಿನೀರು, ದಿನಕ್ಕೆ ಮೂರು ಚಮಚ, ದಸರೆ, ದೀಪಾವಳಿ. ಕಳೆದ ಎಂಟು ದಿನದಿಂದ ನಿಂಬೆವ್ವನ ಹೊಟ್ಟೆ ಮತ್ತೆ ಉಬ್ಬುತ್ತಿರುವುದನ್ನೂ ಹೇಳಿದ.

"ಕೀಮೋ ಯಾಕ ಬಿಡಿಸಿದ್ರಿ ಕಾಕಾ?"

"ಅದು ಕೆಮಿಕಲ್ ಅಲ್ರೀ ಮೇಡಂ. ನಿಮ್ಮದು ಗಿಡದ್ದು. ಗಿಡದ್ದು ಮೈಗೆ ಒಗ್ಗತೈತಿ ಅಂತ..."

ಅವನ ಚೀಲದಲ್ಲಿ ಆಸ್ಪತ್ರೆಯ ಕಾಗದಗಳಿದ್ದವು, ಎಂಟು ದಿನದಿಂದ ಅವನು ಅವನ್ನು ಹೊತ್ತುಕೊಂಡು ತಿರುಗುತ್ತಿದ್ದ. ಮಂದಾಕಿನಿ ಅದರಲ್ಲಿದ್ದ ಔಷಧದ ಹೆಸರು ಓದಿದಳು. ಕಾಗದ ಅವಳ ಕೈಯಲ್ಲೇ ಉಳಿಯಿತು.

"ಕಾಕಾ," ಎಂದಳು, "ಈ ಬಾಟಲಿ ಔಷಧ ಅದ ಅಲ್ರೀ, ಕೈಗೆ ಸೂಜಿ ಚುಚ್ಚಿ ಏರಿಸತಿದ್ರಲ್ಲ, ಇದೂ ಗಿಡದ್ದ. ತಂಪು ದೇಶದ ಒಂದು ಮರದ ತೊಗಟ್ಯಾಗ ಸಿಕ್ಕದ್ದು ಇದು. ಅದನ್ನ ಎಷ್ಟೋ ವರ್ಷ ಸೋಸಿ, ತೂಗಿ, ಸಾವಿರಾರು ಮಂದಿಗೆ ಕೊಟ್ಟು ನೋಡಿ ಮಾಡ್ಯಾರ. ನಾವು ಹುಡುಕಾಕತ್ತಿದ್ದು ಇಂಥದ್ದನ್ನ. ನಿಮ್ಮ ಮನ್ಯಾಗ ಅದು ಆಗಲೇ ಇತ್ತು."

ಫಕೀರಪ್ಪ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಹನ್ನೊಂದು ವರ್ಷ ಆತ್ರಿ ನಾ ಇಲ್ಲಿ ತೊಳ್ಯಾಕ ಹತ್ತಿ," ಎಂದ. "ಯಾರೂ ಹೇಳಲಿಲ್ಲಲ್ರೀ ಮೇಡಂ."

ಅವನನ್ನು ಯಾರೂ ಏನೂ ಕೇಳಲಿಲ್ಲ, ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೊಳೆಯುವಂತೆ ತೊಳೆದರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಅಂದೇ ಮಂದಾಕಿನಿ ಅವರಿಬ್ಬರನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋದಳು. ಡಾಕ್ಟರು ಬೈಯಲಿಲ್ಲವಂತೆ. ಹೊಟ್ಟೆಯ ನೀರು ತೆಗೆದರು, ಕೀಮೋ ಮತ್ತೆ ಶುರು ಮಾಡಿದರು. ಆರನ್ನೂ ತಪ್ಪದೆ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು ಎಂದು ಫಕೀರಪ್ಪ ಕೇಳಿದನಂತೆ. ಖಚಿತವಾಗಿ ಹೇಳಲಿಕ್ಕಾಗದು, ಆದರೆ ನಡುವೆ ಬಿಟ್ಟದ್ದು ರೋಗಕ್ಕೆ ಅನುಕೂಲವಾಯಿತು ಎಂದರಂತೆ. ಈ 'ಆದರೆ' ಎಂಬ ಮಾತನ್ನು ನಾನು ಈಗಲೂ ಮರೆತಿಲ್ಲ.

ನನ್ನನ್ನು 'ಒಡೆಯಬೇಕು' ಎಂದು ಬರೆದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಶಿವರಾತ್ರಿಯ ಸುಮಾರಿಗೆ ಒಂದು ಮಧ್ಯಾಹ್ನ ನಿಂಬೆವ್ವ ತಾನೇ ಲ್ಯಾಬಿಗೆ ಬಂದಳು. ತಲೆಯ ಮೇಲೆ ಸೆರಗು, ಕಾಲು ಊದಿತ್ತು, ಕಣ್ಣು ಮಾತ್ರ ಚೂಪು. ತಾನು ಕುಡಿದದ್ದು ಯಾವುದರಲ್ಲಿ ಕುದ್ದಿತ್ತು ಎಂದು ನೋಡಬೇಕಂತೆ. ಫಕೀರಪ್ಪ ನನ್ನನ್ನು ತೆಗೆದು ಅವಳ ಕೈಗೆ ಕೊಟ್ಟ.

"ಇದಾ?" ಎಂದಳು. "ನಾ ಏನೋ ದೊಡ್ಡ ಹಂಡೇ ಇರಬೇಕಂತ ಮಾಡಿದ್ದೆ. ಗೀರು ಎಲ್ಲೈತಿ?"

ಮಂದಾಕಿನಿ ತೋರಿಸಿದಳು. ನಿಂಬೆವ್ವ ಬೆರಳನ್ನು ನನ್ನ ಕುತ್ತಿಗೆಯೊಳಗೆ ಹಾಕಿ ಸವರಿದಳು. ಗೀರಿನ ಮೇಲೆಯೇ ಸವರಿದಳು.

"ನನಗ ತಿಳಿಯವಲ್ದವ್ವಾ," ಎಂದಳು. ಬೆರಳು ಮತ್ತೆ ಜೋಮು ಹಿಡಿದಿದ್ದವು.

ಮಂದಾಕಿನಿ ಅತ್ತಳು. ತಪ್ಪು ನನ್ನದು ಎಂದಳು. ಫಕೀರಪ್ಪ, ಇಲ್ಲ, ನನ್ನದು ಎಂದ. ನಿಂಬೆವ್ವ ಇಬ್ಬರನ್ನೂ ಸ್ವಲ್ಪ ಹೊತ್ತು ಅಳಲು ಬಿಟ್ಟಳು.

"ಆ ಮೂರು ತಿಂಗಳು ಉಂಡೀನಿ, ನಿದ್ದಿ ಮಾಡೀನಿ, ತಂಗೀ ಮನಿಗೆ ಹೋಗಿ ಬಂದೀನಿ," ಎಂದಳು. "ಚಲೋ ಇದ್ದೆ. ಚಲೋ ಇದ್ದೆ ಅಂತನ ಮೋಸ ಆತು. ನನ್ನ ಗಂಡ ಕೆಟ್ಟದ್ದು ಮಾಡಾಕ ತರಲಿಲ್ಲ, ನೀನೂ ಕೆಟ್ಟದ್ದು ಮಾಡಾಕ ಓದಲಿಲ್ಲ. ಆದ್ರ ತಂಗೀ, ಇನ್ನ ಮ್ಯಾಲ ಯಾರಿಗಾದ್ರೂ ಸತ್ತಾವ ಅಂತ ಹೇಳಬೇಕಾದ್ರ ಎಲ್ಲಿ ಸತ್ತಾವ ಅನ್ನೂದನ್ನೂ ಹೇಳು. ತಟ್ಟ್ಯಾಗ ಸತ್ತಾವೋ, ಹೊಟ್ಟ್ಯಾಗ ಸತ್ತಾವೋ."

ಹೊರಡುವಾಗ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ಕೇಳಿದಳು. ಫಕೀರಪ್ಪ ಓದಿ ಹೇಳಿದ. "ಒಡೀಬ್ಯಾಡ್ರಿ," ಎಂದಳು. "ಒಡದ್ರ ಮರತು ಬಿಡ್ತೀರಿ. ಇರಲಿ ಅದು."

ನನ್ನ ಪಾಲಿಗೆ ಅದು ಕ್ಷಮೆಯೋ ಶಿಕ್ಷೆಯೋ ಇಂದಿಗೂ ತಿಳಿಯದು. ಅವಳು ಮರುವರ್ಷದ ಕಾರ ಹುಣ್ಣಿಮೆ ನೋಡಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಮಂದಾಕಿನಿ ತನ್ನ ಪ್ರಬಂಧದಲ್ಲಿ ಏನು ತಪ್ಪಾಯಿತು ಎಂಬುದನ್ನೇ ಬರೆದಳು. ಡಾಕ್ಟರೇಟ್ ಮೂರು ವರ್ಷ ತಡವಾಗಿ ಬಂತು. ಅದೇ ವಿಭಾಗದಲ್ಲಿ ಪಾಠ ಹೇಳಲು ನಿಂತಳು. ಗೋಡೆಯ ಮೇಲಿನ ಇಂಗ್ಲಿಷ್ ಪಟ್ಟಿಯನ್ನು ತೆಗೆದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಸಿದಳು. ಹೊಸ ಪ್ರಯೋಗ ಶುರುವಾಗುವ ದಿನ ತೊಳೆಯುವವರನ್ನೂ ಎದುರಿಗೆ ಕೂರಿಸಿಕೊಂಡು ಇದು ಏನು, ಇದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಹೇಳುವ ಪದ್ಧತಿ ಮಾಡಿದಳು. ಮೊದಲ ವರ್ಷ ಹಾಗೆ ಎದುರಿಗೆ ಕೂತವನು ಫಕೀರಪ್ಪನೇ. ಟೋಪಿ ತೊಡೆಯ ಮೇಲೆ ಇಟ್ಟುಕೊಂಡು ಎಲ್ಲವನ್ನೂ ಕೇಳಿದ.

ನನಗೂ ಒಂದು ಕೆಲಸ ಸಿಕ್ಕಿತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ನನ್ನನ್ನು ಕಪಾಟಿನಿಂದ ಇಳಿಸಿ, ಎಲೆ ಹಾಕದೆ ಬರೀ ದ್ರವ ಕುದಿಸಿ, ಅದನ್ನು ಕೋಶಗಳಿಗೆ ಹಾಕಿಸುತ್ತಾಳೆ. ಮೊದಲ ವರ್ಷ ನೂರಕ್ಕೆ ಐವತ್ತೆಂಟು ಸತ್ತವು. ಆಮೇಲೆ ನಲವತ್ತು, ಇಪ್ಪತ್ತಾರು, ಹನ್ನೊಂದು. ಸಂಖ್ಯೆ ಹಲಗೆಯ ಮೇಲೆ ಬಿದ್ದಾಗೆಲ್ಲ ಮಕ್ಕಳು ನನ್ನನ್ನು ತಿರುಗಿ ನೋಡುತ್ತಾರೆ. ಇಷ್ಟು ಹೊಳೆಯುತ್ತದಲ್ಲ ಎಂದು ಒಬ್ಬರಾದರೂ ಅನ್ನುತ್ತಾರೆ. ಆಗ ಅವಳು ನಿಂಬೆವ್ವನ ಕಥೆ ಹೇಳುತ್ತಾಳೆ. ಹೆಸರು ಸಮೇತ ಹೇಳುತ್ತಾಳೆ. ನಾನು ಸಿಂಬಿಯ ಮೇಲೆ ಕೂತು ಕೇಳುತ್ತೇನೆ. ಪ್ರತಿ ವರ್ಷವೂ ಕಥೆಯ ಮಧ್ಯದಲ್ಲಿ, ದಸರೆಯ ಹತ್ತಿರ ಬಂದಾಗ, ಈ ಸಲವಾದರೂ ಅವರು ಹುಬ್ಬಳ್ಳಿಯ ಬಸ್ಸು ಹತ್ತಲಿ ಎಂದು ಬಯಸುತ್ತೇನೆ.

ಈ ವರ್ಷ ಒಂದು ಕೋಶವೂ ಸಾಯಲಿಲ್ಲ. ಮಂದಾಕಿನಿ ಹಲಗೆಯ ಮೇಲೆ ಸೊನ್ನೆ ಬರೆದಳು. ಕೆಂಪು ದಾರ ಕತ್ತರಿಸಿದ ಎಂಟು ವರ್ಷಕ್ಕೆ ನನ್ನ ಗೀರು ಬರಿದಾಗಿತ್ತು.

ಫಕೀರಪ್ಪ ನಿವೃತ್ತನಾಗಿ ಬಹಳ ದಿನವಾಗಿದೆ. ಅವಳು ಹೇಳಿಕಳಿಸಿದ್ದಕ್ಕೆ ಬಂದ. ಟೋಪಿಯ ಕೆಳಗಿನ ಕೂದಲೂ ಈಗ ಬೆಳ್ಳಗಾಗಿದೆ. ಅವಳು ನನ್ನನ್ನು ಅವನ ಕೈಗೆ ಕೊಟ್ಟು, "ಕಾಕಾ, ಈ ಸಲ ಒಂದೂ ಸಾಯಲಿಲ್ಲ. ಈಗ ಪೂರ್ತಿ ಸ್ವಚ್ಛ ಆಗೈತಿ," ಎಂದಳು. ಆ ಮಾತಿನಿಂದ ಅವನಿಗೆ ಸಮಾಧಾನವಾದೀತು ಎಂದು ಅವಳ ಆಸೆ. ನಿಜ ಹೇಳಬೇಕೆಂದರೆ ನನ್ನ ಆಸೆಯೂ ಅದೇ.

ಅವನು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ, ನಾನು ಹುಟ್ಟಿದ ದಿನ ಆ ಕೆಲಸಗಾರ ಎತ್ತಿದ ಹಾಗೆ. ಕಿರುಬೆರಳನ್ನು ಕುತ್ತಿಗೆಯೊಳಗೆ ಹಾಕಿ ಮೆಲ್ಲಗೆ ತಿರುಗಿಸಿದ. ಒಂದು ಕಡೆ ಅವನ ಉಗುರು ತಡೆದು ನಿಂತಿತು.

"ಗೀರು ಹಂಗ ಐತ್ರಿ ಮೇಡಂ," ಎಂದ.

ಆಮೇಲೆ ರಬ್ಬರಿನ ಸಿಂಬಿಯನ್ನು ಸರಿಮಾಡಿ, ಉರುಳದ ಹಾಗೆ ನೋಡಿ, ನನ್ನನ್ನು ಅದರ ಮೇಲೆ ಕೂರಿಸಿ ಹೋದ.